ಎರಡು ಗಣಕಗಳ ಸಹವಾಸದಲ್ಲಿ

ನನ್ನ ವೃತ್ತಿಜೀವನದ ಬಹುಭಾಗವು ಪುಟಗಳನ್ನು ಕಟ್ಟುವುದರಲ್ಲಿ ಕಳೆಯಿತು. ಸಾಧನಗಳು ಒಂದಾದಮೇಲೊಂದು ಬದಲಾದರೂ ಅಕ್ಷರವನ್ನು ಸಾಲಾಗಿ, ಸಾಲನ್ನು ಅಂಕಣವಾಗಿ, ಅಂಕಣವನ್ನು ಪುಟವಾಗಿ ನಿಲ್ಲಿಸುವ ಕೆಲಸ ಮಾತ್ರ ಅದೇ ಆಗಿ ಉಳಿದುಬಂದಿತು. ಆ ಕೆಲಸದ ನಿಮಿತ್ತದಿಂದಲೇ ನನಗೆ ಮ್ಯಾಕಿಂತಾಷ್ ಯಂತ್ರದ ಪರಿಚಯವಾದುದು. ಆ ಕೆಲಸವು ಕನ್ನಡದ್ದಾಗಿದ್ದ ಕಾರಣದಿಂದಲೇ ವಿಂಡೋಸ್ ಯಂತ್ರವನ್ನು ಆಶ್ರಯಿಸಬೇಕಾಗಿ ಬಂದುದು. ಮತ್ತು ಅಕ್ಕನ ಮಗನು ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದ ವರ್ಷಗಳಲ್ಲಿ, ಆಟವೆಂಬುದೂ ಗಣಕದ ಒಂದು ಗಂಭೀರವಾದ ಉಪಯೋಗವೆಂಬುದನ್ನು ನಾನು ಕಣ್ಣಾರೆ ಕಂಡು ತಿಳಿದುದು. ಕೆಲಸಕ್ಕೆ ಮ್ಯಾಕ್, ಆಟಕ್ಕೆ ವಿಂಡೋಸ್ ಎಂಬ ಮಾತು ಈಗ ಲೋಕರೂಢಿಯಾಗಿದೆ. ಆ ರೂಢಿಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ನಾನು ಕಂಡ ಮಟ್ಟಿಗೆ ಈ ವಿಭಾಗವು ಯಂತ್ರಗಳ ಹುಟ್ಟುಗುಣದಿಂದ ಬಂದುದಲ್ಲ. ಯಾವ ಯಂತ್ರವು ಯಾರನ್ನು ಯಾವಾಗ ಒಳಕ್ಕೆ ಬಿಟ್ಟುಕೊಂಡಿತು ಎಂಬುದರಿಂದ ಬಂದುದು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ದುಡಿಯುತ್ತಿದ್ದ ಬೆಂಗಳೂರಿನ ಮುದ್ರಣಾಲಯವು ಇಂಗ್ಲಿಷ್ ಪತ್ರಿಕೆಗಳ ಮತ್ತು ಜಾಹೀರಾತು ಪುಸ್ತಿಕೆಗಳ ಕೆಲಸಕ್ಕೆಂದು ಒಂದು ಮ್ಯಾಕಿಂತಾಷನ್ನು ತರಿಸಿತು. ಇಡೀ ಕಟ್ಟಡದಲ್ಲಿ ಅದಿದ್ದ ಕೋಣೆಗೆ ಮಾತ್ರ ಏಸಿ. ಚಪ್ಪಲಿಗಳನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅಲ್ಲಿ ಪೇಜ್‌ಮೇಕರನ್ನು ತೆರೆದು ಮೊದಲ ಪುಟವನ್ನು ಕಟ್ಟಿದ ದಿನ, ಮೊಳೆಗಳನ್ನು ತಲೆಕೆಳಗಾಗಿ ಓದಿ, ಬ್ರೋಮೈಡ್ ಹಾಳೆಯನ್ನು ಕತ್ತರಿಸಿ, ಗೋಂದು ಹಚ್ಚಿ, ಸಾಲು ಓರೆಯಾಯಿತೋ ನೆಟ್ಟಗಿದೆಯೋ ಎಂದು ಉಸಿರು ಹಿಡಿದು ನೋಡಿ ಅಭ್ಯಾಸವಾಗಿದ್ದ ನನಗೆ, ಪರದೆಯ ಮೇಲೆ ಕಂಡ ಪುಟವೇ ಕಾಗದದ ಮೇಲೂ ಬರುವುದೆಂಬ ಭರವಸೆಯು ಎಂಥ ವಿಸ್ಮಯವನ್ನು ತಂದಿತೆಂಬುದನ್ನು ಇಂದಿನವರಿಗೆ ತಿಳಿಸುವುದು ಕಷ್ಟ. ಆ ಭರವಸೆಯ ಹಿಂದೆ ಒಂದು ಸೂಕ್ಷ್ಮವಾದ ನಿರ್ಧಾರವಿತ್ತು. 1984ರಲ್ಲಿ ಹೊರಬಂದ ಮೊದಲ ಮ್ಯಾಕಿಂತಾಷಿನ ಪರದೆಯನ್ನು ಅಂಗುಲಕ್ಕೆ 72 ಬಿಂದುಗಳಂತೆ ರೂಪಿಸಿದ್ದರು. ಮುದ್ರಣಕಾರರ ಪಾಯಿಂಟ್ ಎಂಬ ಅಳತೆಯೂ ಅಂಗುಲದಲ್ಲಿ ಹೆಚ್ಚುಕಡಿಮೆ 72ರಲ್ಲಿ ಒಂದು ಪಾಲು. ಹೀಗಾಗಿ 12 ಪಾಯಿಂಟಿನ ಅಕ್ಷರಕ್ಕೆ ಪರದೆಯಲ್ಲಿ 12 ಬಿಂದುಗಳೇ ಸಂದು, ಕಣ್ಣಿಗೂ ಕಾಗದಕ್ಕೂ ಒಂದೇ ಅಳತೆ ಒದಗಿತು. ವಿಂಡೋಸ್ ರೂಪಿಸಿದವರು ಅಂಗುಲಕ್ಕೆ 96 ಬಿಂದುಗಳೆಂದು ಭಾವಿಸಿದರು. ಕಾಗದಕ್ಕಿಂತ ಪರದೆಯನ್ನು ನಾವು ದೂರದಿಂದ ಓದುತ್ತೇವಾದುದರಿಂದ ಅಕ್ಷರವು ದೊಡ್ಡದಾಗಿ ಕಾಣಬೇಕೆಂಬುದು ಅವರ ವಿಚಾರ. ಎರಡೂ ನ್ಯಾಯವಾದ ವಿಚಾರಗಳೇ. ಆದರೆ ಒಂದು ಪುಟ ಕಟ್ಟುವವನ ವಿಚಾರ, ಇನ್ನೊಂದು ಪತ್ರ ಬರೆಯುವವನ, ಲೆಕ್ಕವಿಡುವವನ ವಿಚಾರ.

1985ರಲ್ಲಿ ಲೇಸರ್‌ರೈಟರ್ ಮುದ್ರಕವೂ, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವರ್ಣನೆಯ ಭಾಷೆಯೂ, ಆಲ್ಡಸ್ ಸಂಸ್ಥೆಯ ಪೇಜ್‌ಮೇಕರೂ ಕೂಡಿಕೊಂಡು ಡಿಟಿಪಿ ಎಂಬ ಹೊಸ ಕಸುಬನ್ನೇ ಹುಟ್ಟಿಸಿದುವು. ಮ್ಯಾಕಿಗೆ ಕೆಲಸದ ಯಂತ್ರವೆಂಬ ಕೀರ್ತಿ ಬಂದುದು ಅಂದಿನಿಂದ. ಆ ಯಂತ್ರದ ಚಿಕ್ಕ ಚಿಕ್ಕ ಚಿತ್ರಸಂಜ್ಞೆಗಳನ್ನೂ ಅದರ ಮೊದಲ ಅಕ್ಷರಮಾಲೆಗಳನ್ನೂ ಬರೆದವರು ಸೂಸಾನ್ ಕೇರ್ ಎಂಬ ಕಲಾವಿದೆ. ಚೌಕಗಳ ಕಾಗದದ ಮೇಲೆ ಒಂದೊಂದು ಚೌಕವನ್ನು ತುಂಬುತ್ತ ಆಕೆ ಮಾಡಿದ ಕೆಲಸವನ್ನು ನಾನು ಮೊಳೆ ಕೊರೆಯುವವರ ಕೆಲಸಕ್ಕೆ ಸರಿಸಮವಾದುದೆಂದೇ ಎಣಿಸುತ್ತೇನೆ. ಮೊದಲ ಮ್ಯಾಕಿಂತಾಷಿನ ಪೆಟ್ಟಿಗೆಯ ಒಳಮೈಯಲ್ಲಿ, ಕೊಂಡವರ ಕಣ್ಣಿಗೆ ಎಂದೂ ಬೀಳದ ಎಡೆಯಲ್ಲಿ, ಅದನ್ನು ನಿರ್ಮಿಸಿದವರೆಲ್ಲರ ಹಸ್ತಾಕ್ಷರಗಳನ್ನು ಅಚ್ಚೊತ್ತಲಾಗಿತ್ತು. ಕುಶಲಕರ್ಮಿಯ ಅಭಿಮಾನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಕಾಣೆ. ಆದರೆ ಆ ಪೆಟ್ಟಿಗೆಯನ್ನು ತೆರೆಯುವುದಕ್ಕೆ ಉದ್ದನೆಯ ಒಂದು ವಿಶೇಷವಾದ ತಿರುಪುಳಿಯೇ ಬೇಕಾಗಿತ್ತು. ಸಾಮಾನ್ಯನು ಒಳಗೆ ಕೈಯಿಡಬಾರದೆಂಬುದು ಅದರ ಕರ್ತರ ಸಂಕಲ್ಪವಾಗಿತ್ತು. ಆ ಅಭಿಮಾನವೂ ಈ ಸಂಕಲ್ಪವೂ ಒಂದೇ ಬೇರಿನಿಂದ ಹುಟ್ಟಿದುವೆಂದು ನನಗೆ ತೋರುತ್ತದೆ.

ಇಷ್ಟೆಲ್ಲ ಸೊಗಸಿನ ಆ ಯಂತ್ರದ ಮುಂದೆ ಕುಳಿತು ನಾನು ಕಟ್ಟುತ್ತಿದ್ದುದೆಲ್ಲ ಇಂಗ್ಲಿಷ್ ಪುಟಗಳನ್ನು. ಕನ್ನಡದ ಪುಸ್ತಕಗಳು ಸಿದ್ಧವಾಗುತ್ತಿದ್ದುದು ಪಕ್ಕದ ಕೋಣೆಯಲ್ಲಿ, ಫ್ಯಾನಿನ ಗಾಳಿಯಲ್ಲಿ, ಬಿಡಿಭಾಗಗಳನ್ನು ತಂದು ಜೋಡಿಸಿದ ಸಾಧಾರಣ ಯಂತ್ರಗಳ ಮೇಲೆ. 1992ರ ವಿಂಡೋಸ್ 3.1 ತನ್ನೊಡನೆ ಟ್ರೂಟೈಪ್ ಎಂಬ ಅಕ್ಷರತಂತ್ರವನ್ನು ತಂದಿತು. ಅದನ್ನು ಮೂಲತಃ ರೂಪಿಸಿದವರು ಆಪಲ್‌ನವರೇ ಆಗಿದ್ದರೂ ಅಗ್ಗದ ಯಂತ್ರಗಳ ಮೇಲೆ ಅದರ ಫಲವನ್ನು ಉಂಡವರು ನಾವು. ಪ್ರಕಾಶಕ್, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಚಾಮರಾಜಪೇಟೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಸಣ್ಣ ಸಣ್ಣ ಡಿಟಿಪಿ ಅಂಗಡಿಗಳವರೆಗೆ ಹರಡಿದುದು ಈ ಯಂತ್ರಗಳ ಬಲದಿಂದ. ಒಂದು ಮ್ಯಾಕ್ ಕೊಳ್ಳುವ ಹಣದಲ್ಲಿ ಇಂಥ ಯಂತ್ರಗಳು ಹಲವು ಬರುತ್ತಿದ್ದುವಾದುದರಿಂದ, ಮದುವೆಯ ಕರೆಯೋಲೆಯನ್ನೂ ಪಂಚಾಯತಿಯ ನೋಟೀಸನ್ನೂ ಅಚ್ಚುಹಾಕಿಸಿ ಜೀವನ ಸಾಗಿಸುವವನು ಯಾವುದನ್ನು ಕೊಳ್ಳಬೇಕೆಂದು ಯೋಚಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಲೋಕವು ಯಾವುದನ್ನು ಕೆಲಸದ ಯಂತ್ರವೆಂದು ಕರೆಯುತ್ತಿತ್ತೋ ಅದು ನಮ್ಮ ನುಡಿಯ ಪಾಲಿಗೆ ಕೆಲಸದ ಯಂತ್ರವಾಗಿರಲಿಲ್ಲ ಎಂಬ ಈ ಸಂಗತಿಯನ್ನು, ಎರಡು ಗಣಕಗಳ ತಾರತಮ್ಯವನ್ನು ಚರ್ಚಿಸುವವರು ಮರೆತುಬಿಡುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಆಟದ ಕಥೆ ನಮ್ಮ ಮನೆಯೊಳಕ್ಕೆ ಬಂದುದು ಅಕ್ಕನ ಮಗನಿಂದ. ಅವನಿಗೆ ಗಣಕವೊಂದು ಬೇಕೆಂದಾದಾಗ ನಾವಿಬ್ಬರೂ ಕೂಡಿ ಎಸ್.ಪಿ. ರಸ್ತೆಗೆ ಹೋದೆವು. ಆ ರಸ್ತೆಯನ್ನು ಬಲ್ಲವರಿಗೆ ವರ್ಣಿಸಬೇಕಾಗಿಲ್ಲ: ನಡೆದಾಡಲು ಎಡೆಯಿಲ್ಲದ ಕಿರಿದಾದ ಬೀದಿ, ಮೇಲಂತಸ್ತಿಗೆ ಏರುವ ಇಕ್ಕಟ್ಟಿನ ಮೆಟ್ಟಿಲುಗಳು, ಗಾಜಿನ ಕಪಾಟುಗಳಲ್ಲಿ ಸಾಲಾಗಿಟ್ಟ ಮದರ್‌ಬೋರ್ಡುಗಳು, ಒಂದು ಅಂಗಡಿಯಲ್ಲಿ ರ್‍ಯಾಮ್, ಇನ್ನೊಂದರಲ್ಲಿ ಹಾರ್ಡ್‌ಡಿಸ್ಕ್, ಮೂರನೆಯದರಲ್ಲಿ ಕ್ಯಾಬಿನೆಟ್ಟು, ಎಲ್ಲ ಕಡೆಯೂ ಚೌಕಾಶಿ. ಅದೊಂದು ಸಂತೆ, ಯಾರು ಬೇಕಾದರೂ ಮೂಟೆ ಇಳಿಸಬಹುದು, ಯಾರು ಬೇಕಾದರೂ ಕೊಳ್ಳಬಹುದು. ಭಾಗಗಳನ್ನು ಒಂದೊಂದಾಗಿ ಆರಿಸಿ ತಂದು, ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಹರಡಿಕೊಂಡು, ಆ ಹುಡುಗನು ತನ್ನ ಯಂತ್ರವನ್ನು ತಾನೇ ಜೋಡಿಸಿ ಬೆಳಕು ಮೂಡಿಸಿದಾಗ ಅವನ ಮುಖದಲ್ಲಿ ಕಂಡ ಆನಂದವು, ಸಿದ್ಧವಾದ ವಸ್ತುವನ್ನು ಹಣಕೊಟ್ಟು ತಂದವನಿಗೆ ದೊರಕುವಂಥದಾಗಿರಲಿಲ್ಲ.

ಅವನು ಮೊದಲು ಆಡಿದ ಆಟ ಪ್ರಿನ್ಸ್ ಆಫ್ ಪರ್ಷಿಯಾ. ನಮ್ಮ ದೇಶದ ಕಂಪ್ಯೂಟರ್ ತರಗತಿಗಳಲ್ಲಿ ಆ ಆಟವನ್ನು ಕಾಣದ ವಿದ್ಯಾರ್ಥಿಯೇ ಆಗ ವಿರಳ. ಶ್ವೇತವಸ್ತ್ರದ ರಾಜಕುಮಾರನು ಓಡುವ, ಹಾರುವ, ಗೋಡೆಯ ಅಂಚನ್ನು ಹಿಡಿದು ಮೇಲೇರುವ ರೀತಿಯಲ್ಲಿ ಎಂಥದೋ ಒಂದು ಜೀವಂತಿಕೆಯಿತ್ತು. ಅದನ್ನು ರಚಿಸಿದ ಜೋರ್ಡಾನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ ಹಾರಿಸಿ ಚಿತ್ರೀಕರಿಸಿ, ಆ ಚಲನೆಯನ್ನು ಚೌಕಟ್ಟು ಚೌಕಟ್ಟಾಗಿ ಗಣಕಕ್ಕೆ ಇಳಿಸಿದ್ದನೆಂಬುದನ್ನು ಎಷ್ಟೋ ಕಾಲದ ಮೇಲೆ ಓದಿ ತಿಳಿದೆ. ಅವನು ಆ ಶ್ರಮವನ್ನು ಪಟ್ಟುದು ಆಪಲ್ 2 ಎಂಬ ಯಂತ್ರದ ಮೇಲೆ; ಆಟವು 1989ರಲ್ಲಿ ಹೊರಬಂದುದೂ ಅದಕ್ಕೇ. ನಮ್ಮ ಹುಡುಗರು ಅದನ್ನು ಕಂಡುದು ಮಾತ್ರ ವಿಂಡೋಸಿನ ಪೂರ್ವಜವಾದ ಡಾಸ್ ಯಂತ್ರಗಳಲ್ಲಿ. ಆಪಲ್‌ನ ಪೀಠದ ಮೇಲೆ ಹುಟ್ಟಿದ ಆಟವು ಬೇರೆಯವರ ಅಂಗಳದಲ್ಲಿ ಬೆಳೆಯುವ ಈ ವಿಚಿತ್ರವು ಅನಂತರವೂ ಮತ್ತೆ ಮತ್ತೆ ನಡೆಯಿತು.

1993ರ ಡಿಸೆಂಬರಿನಲ್ಲಿ ಬಂದ ಡೂಮ್ ಎಂಬ ಆಟದ ವಿಷಯವೂ ಹಾಗೆಯೇ. ಐಡಿ ಸಾಫ್ಟ್‌ವೇರಿನ ತರುಣರು ಅದನ್ನು ನಿರ್ಮಿಸಿದುದು, ಸ್ಟೀವ್ ಜಾಬ್ಸ್ ಆಪಲ್ಲನ್ನು ಬಿಟ್ಟುಹೋಗಿ ಕಟ್ಟಿದ ನೆಕ್ಸ್ಟ್ ಗಣಕಗಳ ಮೇಲೆ. ಆ ನೆಕ್ಸ್ಟ್‌ನ ಕಾರ್ಯವ್ಯವಸ್ಥೆಯೇ ಮುಂದೆ ಆಪಲ್ಲಿನ ಕೈಸೇರಿ, 2001ರ ಮ್ಯಾಕ್ ಓಎಸ್ ಟೆನ್‌ಗೆ ಅಸ್ತಿಭಾರವಾಯಿತು. ಆದರೆ ಆಟವು ಲೋಕಕ್ಕೆ ಬಂದುದು ಡಾಸ್ ಯಂತ್ರಗಳಿಗಾಗಿ. ಕಮ್ಮಟವೊಂದು ಕಡೆ, ಬಯಲೊಂದು ಕಡೆ. ಹೀಗೇಕೆಂದು ವಿಚಾರಿಸಿದರೆ ಕಾರಣವು ಗೂಢವಾದುದೇನೂ ಅಲ್ಲ. ಡಾಸ್ ವ್ಯವಸ್ಥೆಯು ಆಟ ಬರೆಯುವವನಿಗೂ ಪರದೆಗೂ ನಡುವೆ ಅಡ್ಡ ನಿಲ್ಲುತ್ತಿರಲಿಲ್ಲ. ಅವನು ನೇರವಾಗಿ ಯಂತ್ರದ ಸ್ಮೃತಿಗೇ ಬರೆದು ಚಿತ್ರವನ್ನು ಮೂಡಿಸಬಹುದಾಗಿತ್ತು. ಅದರ ಬೆಲೆಯನ್ನು ತೆತ್ತವನು ಆಡುವವನು. ಸೌಂಡ್ ಕಾರ್ಡಿನ ವಿವರಗಳನ್ನು ಒಂದೊಂದು ಆಟಕ್ಕೂ ಬೇರೆ ಬೇರೆಯಾಗಿ ತಿಳಿಸಬೇಕು. ಡಾಸ್ ಬಿಟ್ಟುಕೊಡುತ್ತಿದ್ದ 640 ಕಿಲೋಬೈಟ್ ಜಾಗದಲ್ಲಿ ಆಟಕ್ಕೆ ಎಡೆಯಾಗುವಂತೆ ಕಾನ್ಫಿಗ್ ಕಡತವನ್ನು ತಿದ್ದಬೇಕು. ಒಂದು ಆಟಕ್ಕೆಂದೇ ಒಂದು ಫ್ಲಾಪಿಯನ್ನು ಸಿದ್ಧಪಡಿಸಿಟ್ಟು ಅದರಿಂದ ಯಂತ್ರವನ್ನು ಎಬ್ಬಿಸಬೇಕು. ನಮ್ಮ ಹುಡುಗನು ಇವೆಲ್ಲವನ್ನೂ ಬೇಸರಿಸದೆ ಮಾಡಿದನು. "ಮಾವ, ಪರೀಕ್ಷೆಗೆ ಇರೋ ಮೆಮೊರಿ ಪಾಠವೆಲ್ಲ ನನಗೆ ಇದರಿಂದಲೇ ಬಂತು" ಎಂದು ಅವನು ಹೇಳಿದ ಮಾತನ್ನು ನಾನು ಆಗಲೂ ನಂಬಿದೆ, ಈಗಲೂ ನಂಬುತ್ತೇನೆ.

ಆದರೆ ನನ್ನನ್ನು ಸೆರೆಹಿಡಿದ ಆಟವು ಬೇರೊಂದು, ಅದು ಮ್ಯಾಕಿನದು. ಆಫೀಸಿನ ಮ್ಯಾಕಿಗೆ ಸಿಡಿ ಡ್ರೈವ್ ಬಂದ ಕಾಲದಲ್ಲಿ, ಕೆಲಸ ಮುಗಿದ ಸಂಜೆಗಳಲ್ಲಿ, ಯಜಮಾನರ ಅನುಮತಿಯಿಂದ ನಾವು ಕೆಲವರು ಮಿಸ್ಟ್ ಎಂಬ ಆಟವನ್ನು ಆಡತೊಡಗಿದೆವು. ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು, ಬಿಲ್ ಅಟ್ಕಿನ್‌ಸನ್ ರಚಿಸಿದ ಹೈಪರ್‌ಕಾರ್ಡ್ ಎಂಬ ಮ್ಯಾಕ್ ತಂತ್ರಾಂಶದಲ್ಲಿ ಕಟ್ಟಿದ ಆ ಆಟವು 1993ರಲ್ಲಿ ಮೊದಲು ಮ್ಯಾಕಿಗೇ ಬಂದು, ವಿಂಡೋಸಿಗೆ ಬರುವ ಹೊತ್ತಿಗೆ ಮರುವರ್ಷವಾಗಿತ್ತು. ಅದರಲ್ಲಿ ಶತ್ರುವಿಲ್ಲ, ಆಯುಧವಿಲ್ಲ, ಗಡಿಯಾರದ ಅವಸರವಿಲ್ಲ. ನಿರ್ಜನವಾದ ಒಂದು ದ್ವೀಪ; ಅಲ್ಲೊಂದು ಗ್ರಂಥಾಲಯ; ಬಹುಮಟ್ಟಿಗೆ ಸುಟ್ಟುಹೋದ ಗ್ರಂಥಗಳ ನಡುವೆ ಉಳಿದ ಕೆಲವು. ಒಂದೊಂದು ಲೋಕಕ್ಕೂ ಒಂದೊಂದು ಪುಸ್ತಕವೇ ದಾರಿ. ಪುಸ್ತಕವನ್ನು ತೆರೆದು ಅದರ ಪುಟದ ಮೇಲಿನ ಚಿತ್ರವನ್ನು ಮುಟ್ಟಿದರೆ ಆ ಲೋಕದೊಳಗೆ ನಿಂತಿರುತ್ತೇವೆ. ಇಬ್ಬರು ಅಣ್ಣತಮ್ಮಂದಿರು ಎರಡು ಪುಸ್ತಕಗಳಲ್ಲಿ ಸೆರೆಯಾಗಿದ್ದಾರೆ. ಒಬ್ಬನು ಕೆಂಪು ಪುಟಗಳನ್ನು ತಂದುಕೊಡೆಂದು ಬೇಡುತ್ತಾನೆ, ಇನ್ನೊಬ್ಬನು ನೀಲಿ ಪುಟಗಳನ್ನು. ಪುಟ ಸೇರುತ್ತ ಹೋದಂತೆ ಅವರ ಮಾತು ಸ್ಪಷ್ಟವಾಗುತ್ತ ಬರುತ್ತದೆ.

ಹಗಲೆಲ್ಲ ಪುಟ ಕಟ್ಟಿದ ನಮಗೆ ಸಂಜೆ ಆ ಆಟದಲ್ಲಿಯೂ ಕಾಣೆಯಾದ ಪುಟಗಳನ್ನು ಹುಡುಕಿ ಪುಸ್ತಕಕ್ಕೆ ಸೇರಿಸುವ ಕೆಲಸವೇ ಒದಗಿದುದರಿಂದಲೋ ಏನೋ, ಅದು ನಮಗೆ ಹೊರಗಿನ ವಿನೋದವೆಂದು ಅನ್ನಿಸಲಿಲ್ಲ. ಒಬ್ಬರು ಮೌಸ್ ಹಿಡಿದರೆ, ಇನ್ನೊಬ್ಬರು ಹಳೆಯ ಕರಡು ಹಾಳೆಯ ಬೆನ್ನಿನ ಮೇಲೆ ನಕ್ಷೆ ಬರೆಯುತ್ತಿದ್ದರು. ಕಂಪೋಸಿಂಗ್ ವಿಭಾಗದ ಹಿರಿಯರೊಬ್ಬರು, ಇಂಗ್ಲಿಷ್ ಹೆಚ್ಚು ಬಾರದವರಾದರೂ, ಚಕ್ರಗಳನ್ನೂ ಸನ್ನೆಕೋಲುಗಳನ್ನೂ ನೋಡಿದ ಮಾತ್ರಕ್ಕೆ ಯಾವುದು ಯಾವುದನ್ನು ತಿರುಗಿಸುವುದೆಂದು ಹೇಳಿಬಿಡುತ್ತಿದ್ದರು. ಟ್ರೆಡಲ್ ಯಂತ್ರವನ್ನು ಜೀವಮಾನವೆಲ್ಲ ಬಿಚ್ಚಿ ಜೋಡಿಸಿದ ಕಣ್ಣು ಅವರದು. ಇಂಥ ಆಟವೊಂದು ಮ್ಯಾಕಿನ ಮೇಲೆ, ಮ್ಯಾಕಿನದೇ ಸಾಮಗ್ರಿಯಿಂದ ಹುಟ್ಟಿ, ಆ ದಶಕದಲ್ಲಿ ಅತ್ಯಂತ ಹೆಚ್ಚಾಗಿ ಮಾರಾಟವಾದ ಗಣಕದ ಆಟಗಳಲ್ಲಿ ಒಂದಾಯಿತೆಂಬುದನ್ನು ನೆನೆದರೆ, ಮ್ಯಾಕಿಗೆ ಆಟದ ಯೋಗವೇ ಇಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಯೋಗವಿತ್ತು, ಅದನ್ನು ಬೆಳೆಸಿಕೊಳ್ಳುವ ಮನಸ್ಸು ಅದರ ಒಡೆಯರಲ್ಲಿ ನಿರಂತರವಾಗಿ ಇರಲಿಲ್ಲ.

ಮನಸ್ಸಿದ್ದುದು ಮೈಕ್ರೋಸಾಫ್ಟಿನಲ್ಲಿ. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದಾಗ, ಡಾಸ್‌ನಲ್ಲಿ ಸಿಗುತ್ತಿದ್ದ ವೇಗವು ಅದರಲ್ಲಿ ಸಿಗದೆಂದು ಆಟ ಬರೆಯುವವರು ಹಿಂದೆಗೆದರು. ಆ ಕೊರತೆಯನ್ನು ತುಂಬುವುದಕ್ಕೆ ಅದರ ಬೆನ್ನಿಗೇ ಡೈರೆಕ್ಟ್‌ಎಕ್ಸ್ ಎಂಬ ಸಲಕರಣೆ ಬಂದಿತು. ಇಂಥ ಗ್ರಾಫಿಕ್ಸ್ ಕಾರ್ಡು, ಇಂಥ ಸೌಂಡ್ ಕಾರ್ಡು ಎಂದು ಆಟವು ಇನ್ನು ಮೇಲೆ ತಿಳಿಯಬೇಕಾಗಿಲ್ಲ. ಅದು ಡೈರೆಕ್ಟ್‌ಎಕ್ಸ್‌ನೊಡನೆ ಮಾತನಾಡಿದರೆ, ಉಳಿದುದನ್ನು ಆಯಾ ಕಾರ್ಡಿನ ತಯಾರಕರು ನೋಡಿಕೊಳ್ಳುವರು. ಹೀಗೆ ಆಟ ಬರೆಯುವವರು ಒಂದು ಕಡೆ, ಕಾರ್ಡು ಮಾಡುವವರು ಇನ್ನೊಂದು ಕಡೆ ತಮ್ಮತಮ್ಮೊಳಗೆ ಸ್ಪರ್ಧಿಸಿ ಬೆಳೆದರು, ಎಸ್.ಪಿ. ರಸ್ತೆಯ ಗ್ರಾಹಕನು ಇಡೀ ಯಂತ್ರವನ್ನು ಬದಲಿಸದೆ ಗ್ರಾಫಿಕ್ಸ್ ಕಾರ್ಡೊಂದನ್ನೇ ಬದಲಿಸಿ ಹೊಸ ಆಟಕ್ಕೆ ಅಣಿಯಾದನು. ಮುಚ್ಚಿದ ಪೆಟ್ಟಿಗೆಗೆ ಈ ಬೆಳವಣಿಗೆ ಸಾಧ್ಯವಿರಲಿಲ್ಲ.

ಬಂಜಿ ಎಂಬ ಸಂಸ್ಥೆಯ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 1994ರಲ್ಲಿ ಮ್ಯಾರಥಾನ್ ಎಂಬ ಆಟವನ್ನು ಮ್ಯಾಕಿಗೆಂದೇ ಕಟ್ಟಿ ಆ ಯಂತ್ರದ ಅಭಿಮಾನಿಗಳ ಪ್ರೀತಿಗೆ ಪಾತ್ರವಾಗಿದ್ದವರು ಅವರು. 1999ರ ಜುಲೈಯಲ್ಲಿ ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಸ್ಟೀವ್ ಜಾಬ್ಸ್ ತಾವೇ ವೇದಿಕೆಯ ಮೇಲೆ ಅವರ ಹೊಸ ಆಟವಾದ ಹೇಲೋವನ್ನು ಲೋಕಕ್ಕೆ ಪರಿಚಯಿಸಿದರು. ಮರುವರ್ಷ ಮೈಕ್ರೋಸಾಫ್ಟು ಆ ಸಂಸ್ಥೆಯನ್ನೇ ಕೊಂಡಿತು. 2001ರ ನವೆಂಬರಿನಲ್ಲಿ ಹೇಲೋ ಬಂದುದು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸಿಗೆ. ಮ್ಯಾಕಿಗೆ ಅದು ತಲುಪುವ ಹೊತ್ತಿಗೆ ಮತ್ತೆರಡು ವರ್ಷಗಳು ಸಂದಿದ್ದುವು. ಅಕ್ಕನ ಮಗನು ಆ ವೇಳೆಗೆ ಕೆಲಸಕ್ಕೆ ಸೇರಿದ್ದನು. ಆಫೀಸಿನಲ್ಲಿ ಮ್ಯಾಕಿನ ಮುಂದೆ ಕುಳಿತಿರುತ್ತಿದ್ದ ನನ್ನನ್ನು ಕುರಿತು, "ನಿಮ್ಮ ಮನೆಯ ಆಟಾನ ನಾವು ಕರಕೊಂಡು ಬಂದ್ವಿ ಮಾವ" ಎಂದು ಅವನು ನಕ್ಕನು. ನನಗೆ ಅದು ನಗೆಯ ವಿಷಯವಾಗಿ ತೋರಲಿಲ್ಲ. ಶ್ರೇಷ್ಠವಾದುದನ್ನು ಹುಟ್ಟಿಸುವ ಶಕ್ತಿಯಿದ್ದೂ ಅದನ್ನು ಉಳಿಸಿಕೊಳ್ಳುವ ಆಸ್ಥೆಯಿಲ್ಲದಿರುವುದು ಯಾವ ಸಂಸ್ಥೆಗಾದರೂ ದೊಡ್ಡ ನಷ್ಟ.

ಇದೇ ಕಾಲದಲ್ಲಿ ಕನ್ನಡದ ಮಟ್ಟಿಗೆ ಅದಕ್ಕಿಂತ ಮಹತ್ತಾದ ಸಂಗತಿಯೊಂದು ನಡೆಯುತ್ತಿತ್ತು. ಹಿಂದೆ ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಭಾಗಗಳನ್ನು ತನಗೆ ತೋಚಿದ ಸ್ಥಾನಗಳಲ್ಲಿ ಇರಿಸಿಕೊಂಡಿದ್ದುದರಿಂದ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀರುಗಳಾಗಿ ಕಾಣುತ್ತಿತ್ತು. ಶೇಷಾದ್ರಿವಾಸು ಅವರ ಬರಹವೂ, ಕನ್ನಡ ಗಣಕ ಪರಿಷತ್ತಿನ ನುಡಿಯೂ ಸಾಮಾನ್ಯ ಜನರ ಕೈಗೆ ಕನ್ನಡವನ್ನು ಒಪ್ಪಿಸಿದುವು, ಕೆ.ಪಿ. ರಾಯರು ರೂಪಿಸಿದ, ಉಚ್ಚಾರಣೆಯನ್ನನುಸರಿಸಿ ಬೆರಳು ನಡೆಯುವ ಕೀಲಿಮಣೆಯು ನಾಡಿನ ಕೀಲಿಮಣೆಯಾಯಿತು. ಇವೆಲ್ಲವೂ ನೆಚ್ಚಿಕೊಂಡಿದ್ದುದು ವಿಂಡೋಸನ್ನು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ, ಅಕ್ಷರಗಳಿಗೆ ಎಲ್ಲೆಡೆಯೂ ಒಂದೇ ಸ್ಥಾನವನ್ನು ಗೊತ್ತುಪಡಿಸುವ ಯೂನಿಕೋಡ್ ಕ್ರಮದ ಅಕ್ಷರಮಾಲೆಯೊಡನೆ ಬಂದು, ಕನ್ನಡವು ಕಾರ್ಯವ್ಯವಸ್ಥೆಯ ಒಳಗೇ ನೆಲೆಯಾಯಿತು. ಮ್ಯಾಕಿನಲ್ಲಿ ಆ ಭಾಗ್ಯವು ಬಂದುದು 2011ರ ಲಯನ್ ಆವೃತ್ತಿಯಲ್ಲಿ, ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಎಂಬ ಅಕ್ಷರಮಾಲೆಗಳ ಮೂಲಕ. ನಡುವಿನ ದಶಕದಲ್ಲಿ ಕನ್ನಡದ ಲೇಖಕರು, ಕರಡು ತಿದ್ದುವವರು, ಪತ್ರಿಕೆಯವರು ಏನೇನು ಬರೆದರೋ ಅದೆಲ್ಲವೂ ಬಹುಮಟ್ಟಿಗೆ ಆಟದ ಯಂತ್ರವೆಂದು ಹೆಸರಾದ ಗಣಕದ ಮೇಲೆ ಬರೆದುದು. ಸೊಗಸಿಗೆ ಕಾಯದೆ ಇದ್ದುದರಲ್ಲಿ ಕೆಲಸ ಸಾಗಿಸಿದ ಆ ಜನರ ಋಣ ನಮ್ಮೆಲ್ಲರ ಮೇಲಿದೆ.

ಸೊಗಸಿನ ವಿಷಯದಲ್ಲಿ ಮಾತ್ರ ನಾನು ಮ್ಯಾಕಿನ ಪಕ್ಷವನ್ನು ಬಿಡಲಾರೆ. ವಿಂಡೋಸಿನ ಕ್ಲಿಯರ್‌ಟೈಪ್ ಎಂಬ ವಿಧಾನವು ಅಕ್ಷರದ ರೇಖೆಗಳನ್ನು ಪರದೆಯ ಬಿಂದುಗಳ ಜಾಲಕ್ಕೆ ಹೊಂದುವಂತೆ ಸ್ವಲ್ಪ ಸರಿಸಿ ಚೂಪಾಗಿಸುತ್ತದೆ. ನೆಟ್ಟನೆಯ ಗೆರೆಗಳೇ ಹೆಚ್ಚಾಗಿರುವ ರೋಮನ್ ಲಿಪಿಗೆ ಅದರಿಂದ ಲಾಭವುಂಟು. ಮ್ಯಾಕ್ ವಿಧಾನವು, ಅಂಚು ತುಸು ಮಸುಕಾದರೂ ಚಿಂತೆಯಿಲ್ಲ, ಅಕ್ಷರವನ್ನು ಬರೆದವನು ಹೇಗೆ ಬರೆದನೋ ಹಾಗೆಯೇ ಇರಲಿ ಎಂದು ಆಕಾರವನ್ನು ಕಾಯುತ್ತದೆ. ಕನ್ನಡದ ಲಿಪಿಯಾದರೋ ಆದ್ಯಂತವಾಗಿ ಬಳಕು. ತಲೆಕಟ್ಟಿನ ಕೊಂಡಿ, ಕೊಂಬಿನ ಇಳಿತ, ಅಡಿಯ ಒತ್ತಿನ ಸಣ್ಣ ಸುರುಳಿ, ಇವುಗಳಲ್ಲಿ ಯಾವುದನ್ನೂ ಜಾಲಕ್ಕೆ ಬಗ್ಗಿಸಲು ಹೋದರೆ ಅಂದ ಕೆಡದೆ ಇರದು. ಸುರುಳಿ ತುಂಬಿಹೋಗಿ ಒತ್ತುಗಳು ಒಂದನ್ನೊಂದು ಹೋಲುವಾಗ ಕರಡು ತಿದ್ದುವವನು ದಣಿಯುವ ಬಗೆಯನ್ನು ನಾನು ಬಲ್ಲೆ. ಅಂಗುಲಕ್ಕೆ ಇನ್ನೂರಕ್ಕೂ ಮಿಗಿಲಾದ ಬಿಂದುಗಳ ಪರದೆಗಳು ಬಂದಮೇಲೆ ಈ ಭೇದವು ಬಹಳ ಕಡಿಮೆಯಾಗಿದೆಯಾದರೂ, ಸಾಧಾರಣ ಮಾನಿಟರಿನ ಮುಂದೆ ಕುಳಿತು ದುಡಿಯುವ ಡಿಟಿಪಿ ಕೆಲಸಗಾರರಿಗೆ ಅದು ಇಂದಿಗೂ ತಪ್ಪಿಲ್ಲ.

ನಡುವೆ ಕೆಲವು ವರ್ಷ ಮ್ಯಾಕೂ ವಿಂಡೋಸೂ ಒಂದೇ ಯಂತ್ರದಲ್ಲಿ ನೆಲೆಸಿದ್ದುವು. 2006ರಲ್ಲಿ ಮ್ಯಾಕುಗಳು ಇಂಟೆಲ್ ಚಿಪ್ಪಿಗೆ ಬದಲಾದಾಗ, ಬೂಟ್ ಕ್ಯಾಂಪ್ ಎಂಬ ಸೌಲಭ್ಯದಿಂದ ಅದೇ ಯಂತ್ರವನ್ನು ಬೇಕೆಂದಾಗ ವಿಂಡೋಸಾಗಿಯೂ ಎಬ್ಬಿಸಬಹುದಾಯಿತು. ಹಗಲು ಮ್ಯಾಕಿನಲ್ಲಿ ಪುಟವಿನ್ಯಾಸ, ಸಂಜೆ ಅದೇ ಪೆಟ್ಟಿಗೆಯ ವಿಂಡೋಸಿನಲ್ಲಿ ನುಡಿ. ಅಕ್ಕನ ಮಗನು ರಜೆಗೆ ಬಂದರೆ ಅದರಲ್ಲೇ ಅವನ ಆಟ. ಎಲ್ಲ ವಾದಗಳೂ ಮುಗಿದುವೆಂದು ಆಗ ತೋರಿತು. ಅದು ಉಳಿಯಲಿಲ್ಲ. 2019ರ ಕ್ಯಾಟಲೀನಾ ಆವೃತ್ತಿಯು 32 ಬಿಟ್ ತಂತ್ರಾಂಶಗಳನ್ನು ಪೂರ್ಣವಾಗಿ ಕೈಬಿಟ್ಟುದರಿಂದ ಮ್ಯಾಕಿನ ಹಳೆಯ ಆಟಗಳಲ್ಲಿ ಬಹಳಷ್ಟು ಒಂದೇ ಸಲಕ್ಕೆ ಮೌನವಾದುವು. ಮರುವರ್ಷದ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್ಪನ್ನು ತಂದಾಗ ಆ ಹೊಸ ಯಂತ್ರಗಳಲ್ಲಿ ಬೂಟ್ ಕ್ಯಾಂಪ್ ಇರಲಿಲ್ಲ. ಚಿಪ್ಪಿನ ಕುಲವನ್ನು ಆಪಲ್ ಹೀಗೆ ಬದಲಿಸಿದುದು ಅದು ಮೂರನೆಯ ಸಲ. ಪ್ರತಿಸಲವೂ ಯಂತ್ರವು ಉತ್ತಮವಾಗಿದೆ, ಪ್ರತಿಸಲವೂ ಹಳೆಯದೊಂದು ಭಂಡಾರ ಕೈತಪ್ಪಿದೆ. ವಿಂಡೋಸ್ ಕೂಡ 64 ಬಿಟ್ ಆವೃತ್ತಿಗಳಲ್ಲಿ ಹದಿನಾರು ಬಿಟ್ಟಿನ ಕಾಲದ ತಂತ್ರಾಂಶಗಳನ್ನು ಬಿಟ್ಟುಕೊಟ್ಟಿತೆಂಬುದು ನಿಜ. ಆದರೂ ಈ ಶತಮಾನದ ಆರಂಭದ ಆಟವೊಂದು ಇಂದಿನ ವಿಂಡೋಸಿನಲ್ಲಿ ಎಷ್ಟೋ ವೇಳೆ ತೊಡಕಿಲ್ಲದೆ ನಡೆಯುತ್ತದೆ. ಹಿಂದಿನದನ್ನು ಹೊತ್ತುಕೊಂಡೇ ಮುಂದೆ ನಡೆಯಬೇಕೆಂಬ ಈ ತಾಳ್ಮೆಯನ್ನು ಕೆಲವರು ಜಡತೆಯೆನ್ನುತ್ತಾರೆ. ಪುಸ್ತಕಗಳ ನಡುವೆ ಬಾಳಿದ ನನಗೆ ಅದು ಜಡತೆಯಾಗಿ ತೋರುವುದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಆಟವು ತೆರೆದುಕೊಳ್ಳಬೇಕೆಂಬುದೂ ಇಪ್ಪತ್ತು ವರ್ಷದ ಹಿಂದಿನ ಪುಸ್ತಕವು ಓದಲು ಸಿಗಬೇಕೆಂಬುದೂ ಒಂದೇ ನ್ಯಾಯ.

ನಿವೃತ್ತನಾದ ಮೇಲೆ ನಾನು ಕೊಂಡುದು ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. ಅದರಲ್ಲಿ ಫ್ಯಾನೇ ಇಲ್ಲ. ಇಡೀ ದಿನ ದೊಡ್ಡ ಗ್ರಂಥವೊಂದರ ಪುಟಗಳನ್ನು ತಿದ್ದಿದರೂ ಅದು ಸದ್ದು ಮಾಡದು, ಸಂಜೆಯವರೆಗೂ ಚಾರ್ಜರನ್ನು ಕೇಳದು. ಕೆಲಸದ ಮಟ್ಟಿಗೆ ನಾನು ಇದುವರೆಗೆ ಬಳಸಿದ ಯಂತ್ರಗಳಲ್ಲಿ ಅದೇ ಉತ್ತಮವೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ಅಕ್ಕನ ಮಗನ ಮನೆಯಲ್ಲಿರುವುದಾದರೋ ಗಾಜಿನ ಪಕ್ಕೆಯ ದೊಡ್ಡ ಕ್ಯಾಬಿನೆಟ್ಟು, ಅದರೊಳಗೆ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು. 2023ರಲ್ಲಿ ಕೌಂಟರ್-ಸ್ಟ್ರೈಕ್ 2 ಎಂಬ ಆಟ ಬಂದಾಗ, ಹಿಂದಿನ ಆವೃತ್ತಿಯು ಮ್ಯಾಕಿನಲ್ಲಿ ನಡೆಯುತ್ತಿದ್ದರೂ ಹೊಸದನ್ನು ಅದಕ್ಕೆ ತರಲಿಲ್ಲ. ಅದೇ ವರ್ಷ ಆಪಲ್, ವಿಂಡೋಸಿನ ಆಟಗಳನ್ನು ಮ್ಯಾಕಿಗೆ ಒಗ್ಗಿಸಿಕೊಳ್ಳಲು ಆಟ ಬರೆಯುವವರಿಗೆ ನೆರವಾಗುವ ಸಲಕರಣೆಯೊಂದನ್ನು ಹೊರತಂದಿತು. ಬಾಗಿಲು ತೆರೆಯುವ ಪ್ರಯತ್ನ ಅದಾಗಿದ್ದರೆ ನನಗೆ ಸಂತೋಷವೇ. ಆದರೆ ರ್‍ಯಾಮನ್ನೂ ಗ್ರಾಫಿಕ್ಸನ್ನೂ ಬದಲಿಸಲಾಗದಂತೆ ಒಂದರೊಳಗೊಂದು ಬೆಸೆದ ಯಂತ್ರದಲ್ಲಿ, ಚಾಪೆಯ ಮೇಲೆ ಭಾಗಗಳನ್ನು ಹರಡಿಕೊಂಡು ಕುಳಿತು ಕಲಿಯುವ ಹುಡುಗನಿಗೆ ಎಡೆಯಿಲ್ಲ.

ಅಕ್ಕನ ಮಗನ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಆಟಗಳನ್ನು ಆಡುವುದಕ್ಕಿಂತ ಕಟ್ಟುವುದರಲ್ಲಿ ಅವಳಿಗೆ ಆಸಕ್ತಿ. ಹಾಳುಬಿದ್ದ ಕಲ್ಯಾಣಿಯೊಂದರ ಮೆಟ್ಟಿಲಿಳಿದು, ಗೋಡೆಗಳ ಮೇಲಿನ ಶಾಸನಗಳನ್ನು ಓದುತ್ತ ಹೋಗುವ ಹುಡುಗಿಯ ಕಥೆ ಅವಳ ಆಟದ್ದು, ಮಾತೆಲ್ಲ ಕನ್ನಡದಲ್ಲಿ. ಮೊದಲು ಯೂನಿಟಿ ಎಂಬ ತಂತ್ರಾಂಶದಲ್ಲಿ ಅವಳು ಪ್ರಯತ್ನಿಸಿದಳು. ಇಂದು ಜಗತ್ತಿನ ಅಸಂಖ್ಯ ಆಟಗಳಿಗೆ ಆಧಾರವಾಗಿರುವ ಅದು 2005ರಲ್ಲಿ ಹುಟ್ಟಿದಾಗ ಮ್ಯಾಕಿನಲ್ಲಿ ಮಾತ್ರ ನಡೆಯುತ್ತಿತ್ತೆಂದು ನಾನು ಹೇಳಿದಾಗ ಅವಳಿಗೆ ಆಶ್ಚರ್ಯ. ಆದರೆ ಅವಳು ಬಳಸಿದ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಂತುವು. "ತಾತ, ಆಟದಲ್ಲಿ ಕನ್ನಡ ಬರೋದೇ ಇಲ್ವಾ?" ಎಂದು ಅವಳು ಕೇಳಿದ ಪ್ರಶ್ನೆ, ಮ್ಯಾಕಿನಲ್ಲಿ ಕನ್ನಡಕ್ಕಾಗಿ ಕಾದಿದ್ದ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದ ಪ್ರಶ್ನೆ. ಗೋಡೊ ಎಂಬ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದ ನಾಲ್ಕನೆಯ ಆವೃತ್ತಿಯು 2023ರಲ್ಲಿ ಬಂದಾಗ, ಸಂಕೀರ್ಣ ಲಿಪಿಗಳನ್ನು ಸರಿಯಾಗಿ ಕೂಡಿಸುವ ಏರ್ಪಾಟು ಅದರಲ್ಲಿತ್ತು. ಅವಳು ಅದಕ್ಕೆ ಬದಲಾಯಿಸಿಕೊಂಡಳು.

ಈಗ ಅವಳು ತಂದೆಯ ವಿಂಡೋಸ್ ಯಂತ್ರದಲ್ಲಿ ಆಟವನ್ನು ಕಟ್ಟುತ್ತಾಳೆ. ಅದೇ ಆಟವನ್ನು ಮ್ಯಾಕಿಗೂ ಸಿದ್ಧಪಡಿಸಿ ನನಗೆ ಕಳುಹಿಸುತ್ತಾಳೆ. ನಾನು ಅದರ ಮಾತುಗಳ ಕರಡನ್ನು ತಿದ್ದುತ್ತೇನೆ. ಎರಡರಲ್ಲಿಯೂ ಒತ್ತುಗಳು ಒಂದೇ ರೀತಿ ಕೂಡುತ್ತವೆ. ತೊಡಕು ಉಳಿದಿರುವುದು ಎತ್ತರದಲ್ಲಿ. ರೋಮನ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳು ರೂಪಿಸಿದ ಮಾತಿನ ಚೌಕದಲ್ಲಿ, "ಶಾಸ್ತ್ರ", "ಸ್ವಾತಂತ್ರ್ಯ" ಮೊದಲಾದ ಮಾತುಗಳು ಮೇಲಿನ ಸಾಲಿನಲ್ಲಿ ಬಂದಾಗ ಅಡಿಯ ಎರಡನೆಯ ಒತ್ತು ಕೆಳಸಾಲಿನ ತಲೆಕಟ್ಟನ್ನು ತಾಗುತ್ತದೆ. ಸಾಲುಗಳ ಅಂತರವನ್ನು ಹೆಚ್ಚಿಸಿದರೆ ಚೌಕದಲ್ಲಿ ನಾಲ್ಕು ಸಾಲುಗಳ ಬದಲು ಮೂರೇ ಹಿಡಿಯುವುದರಿಂದ, ಶಾಸನದ ಮಾತುಗಳಲ್ಲಿ ಕೆಲವನ್ನು ನಾನು ಚಿಕ್ಕದು ಮಾಡಿಕೊಡಬೇಕಾಗಿದೆ. ಮೊದಲ ಎರಡು ಅಧ್ಯಾಯಗಳದ್ದು ಆಗಿದೆ, ಮೂರನೆಯದು ಮೇಜಿನ ಮೇಲಿದೆ.